ಶಾವಿಗೆ ಖಾರಗಳ ಏಕಮುಹೂರ್ತ ಸಮರ

ಸ್ವಸ್ತಿ ಶ್ರೀ. ಶಾಲಿವಾಹನ ಶಕ ೧೯೪೬ನೆಯ ಕ್ರೋಧಿ ನಾಮ ಸಂವತ್ಸರದ ಫಾಲ್ಗುಣ ಶುದ್ಧ ಸಪ್ತಮಿ, ಗುರುವಾರ, ಕಚೇರಿಯ ಲೆಕ್ಕದಲ್ಲಿ ೨೦೨೫ರ ಮಾರ್ಚ್ ೬, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ವೃಷಭ ಲಗ್ನವು ಪೂರ್ವದಿಗಂತದಲ್ಲಿ ಸ್ಥಿರವಾಗಿ ನಿಂತಿರಲು, ಹಿರೇಮುಗದೂರಿನ ಆಕಾಶದಲ್ಲಿ ಒಂದು ಮೋಡವೂ ಇರದಿರಲು, ಎರಡು ಬೆರಳುಗಳು ಎರಡು ಸ್ವಿಚ್ಚುಗಳತ್ತ ಏಕಕಾಲಕ್ಕೆ ಚಾಚಿದವು. ಆ ಬೆರಳುಗಳ ಕಥೆಯನ್ನು ಹೇಳುವೆನು.

ಹೇ ವಿದ್ಯುದ್ದೇವಿ, ತಾಮ್ರತಂತಿಸಂಚಾರಿಣಿ, ಅದೃಶ್ಯರೂಪಿಣಿ, ಮಾಸಾಂತ್ಯದ ಬಿಲ್ಲಿನಲ್ಲಿ ಮಾತ್ರ ದೃಶ್ಯಳಾಗುವವಳೇ, ಬಂದದ್ದಕ್ಕಿಂತ ಹೋದದ್ದರಿಂದಲೇ ಜನರ ಬಾಯಲ್ಲಿ ನೆಲೆಸಿದವಳೇ, ಈ ಕಥೆ ಮುಗಿಯುವತನಕವಾದರೂ ನಿಲ್ಲು ತಾಯಿ.

ಇದು ರಣರಂಗ: ಊರ ಹೊರಗೆ ಕೆರೆಯ ದಾರಿಯಲ್ಲಿ ತಗಡು ಹೊದಿಸಿದ ಒಂದು ಕಟ್ಟಡ. ಅದರ ನೆತ್ತಿಯ ಫಲಕದಲ್ಲಿ ‘ಮಹಿಳಾ ಯುವಜನ ಸ್ವಾವಲಂಬನ ಸಂಯುಕ್ತ ಸೂಕ್ಷ್ಮೋದ್ಯಮ ಪ್ರೋತ್ಸಾಹನ ಸಂಕೀರ್ಣ’ ಎಂದು ಬರೆದಿತ್ತು. ಸಮಾಸ ಕಟ್ಟುವ ವಿದ್ಯೆಯಲ್ಲಿ ಸರ್ಕಾರಕ್ಕೆ ಸಮನಾದ ಕವಿ ಇನ್ನೂ ಹುಟ್ಟಿಲ್ಲವಾದ್ದರಿಂದ ಆ ಹೆಸರಿಗೆ ಅಲಂಕಾರವಾಗಿ ಒಂದಕ್ಷರವನ್ನೂ ಸೇರಿಸುವ ಧೈರ್ಯ ಇಲ್ಲಿಲ್ಲ. ಊರವರು ಅದನ್ನು ಶೆಡ್ಡು ಎನ್ನುತ್ತಾರೆ.

ಶೆಡ್ಡಿನ ನೆಲದ ನಡುವೆ ಒಂದು ಹಳದಿ ಗೆರೆ. ಗೆರೆಯ ಪೂರ್ವಕ್ಕೆ ಗುಲಾಬಿ ಬಣ್ಣ ಬಳಿದ ಮಹಿಳಾ ವಿಭಾಗ, ಪಶ್ಚಿಮಕ್ಕೆ ನೀಲಿ ಬಳಿದ ಯುವ ವಿಭಾಗ. ಆದರೆ ಗೆರೆ ಇಬ್ಭಾಗ ಮಾಡಿದ್ದು ನೆಲವನ್ನು ಮಾತ್ರ. ಕಂಬದಿಂದ ಒಳಬಂದ ತಂತಿ ಒಂದೇ. ಆ ತಂತಿಗೆ ದ್ವಾರಪಾಲಕನಂತೆ ಗೋಡೆಯ ಮೇಲೆ ಕುಳಿತ, ಹೊರೆ ಮಿತಿಮೀರಿದರೆ ತಾನೇ ಕೆಳಗೆ ಬೀಳುವ ಕರಿಯ ಮುಖ್ಯ ಸ್ವಿಚ್ಚೂ ಒಂದೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ವೀರರು ಇಡಲಿಲ್ಲ.

ಪೂರ್ವದಿಕ್ಕಿನ ಒಡತಿ ಫಕ್ಕೀರವ್ವ ಹೊಂಬಳ. ಗೋಧಿರವೆಧವಳಿತಬಾಹುಯುಗಳೆ, ಸಹಸ್ರಸೂಕ್ಷ್ಮತಂತುಪ್ರಸವಕೋವಿದೆ, ನಾದಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿಯೇ ಅದರ ಭೂತಭವಿಷ್ಯಗಳನ್ನು ಹೇಳಬಲ್ಲವಳು. ಹನ್ನೆರಡು ಬೇಸಿಗೆ ಅವಳು ಮೈದುನನ ಮನೆಯ ಪಡಸಾಲೆಯಲ್ಲಿ ಕೈಯಿಂದ ತಿರುಗಿಸುವ ಮಷೀನಿನಲ್ಲಿ ಓಣಿಯ ಜನಕ್ಕೆಲ್ಲ ಶಾವಿಗೆ ಹೊಸೆದುಕೊಟ್ಟಿದ್ದಳು. ಬಲಭುಜ ನೋಯತೊಡಗಿತ್ತು. ಮೈದುನನಿಗೆ ಪಡಸಾಲೆ ಬೇಕಾಗಿತ್ತು. ಸರ್ಕಾರದ ನೆರವಿನಿಂದ ಕರೆಂಟಿನ ಮಷೀನು, ಶೆಡ್ಡಿನಲ್ಲಿ ಜಾಗ ಎರಡೂ ದೊರೆತ ದಿನವೇ ಹಳೆಯ ಮಷೀನನ್ನು ಮಾರಿಬಿಟ್ಟಿದ್ದಳು. ಅಂದರೆ ಈ ಶೆಡ್ಡು ಕೈತಪ್ಪಿದರೆ ಹಿಂದಿರುಗಲು ಅವಳಿಗೆ ಮಷೀನೂ ಇರಲಿಲ್ಲ, ಪಡಸಾಲೆಯೂ ಇರಲಿಲ್ಲ. ಶಾವಿಗೆಯ ಋತು ಮಾತ್ರ ಬಾಗಿಲಿಗೆ ಬಂದು ನಿಂತಿತ್ತು.

ಪಶ್ಚಿಮದಿಕ್ಪಾಲಕ ಮೌನೇಶ ಬಡಿಗೇರ, ಇಪ್ಪತ್ತನಾಲ್ಕರ ತರುಣ. ಬ್ಯಾಡಗಿಮೆಣಸಿನಕಾಯಿಮದಮರ್ದನ, ತ್ರಿಮುಸಲಧರ (ಅವನ ಖಾರ ಕುಟ್ಟುವ ಯಂತ್ರಕ್ಕೆ ಕಬ್ಬಿಣದ ಒನಕೆಗಳು ಮೂರು), ಕೂಲಿಂಗ್‌ಗ್ಲಾಸುವಿರಾಜಿತಲಲಾಟ. ಮೌನವೆಂಬುದು ಅವನ ಹೆಸರಿನಲ್ಲಿ ಮಾತ್ರ ಇತ್ತು. ಬಿ.ಎ. ಮುಗಿಸಿ ಎರಡು ವರ್ಷ ಬಸ್‌ಸ್ಟ್ಯಾಂಡಿನ ಕಟ್ಟೆಯನ್ನು ಕಾಯ್ದು, ಬಂದ ಬಸ್ಸುಗಳನ್ನೂ ಹೋದ ಬಸ್ಸುಗಳನ್ನೂ ನೋಡಿ, ಕೊನೆಗೆ ಯುವ ಉದ್ಯಮಿಯಾಗಿದ್ದ. ಅವನ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆಸೀನಳಾದವಳು ಅಜ್ಜಿ ಕಾಳಮ್ಮ, ಸಕಲಶಕುನಶಾಸ್ತ್ರಪಾರಂಗತೆ.

ಸಮರಕ್ಕೆ ಸಾಕ್ಷಿಯಾಗಿ ತಾಲೂಕಿನಿಂದ ಅಧಿಕಾರಿಣಿ ಸುಲೋಚನಾ ಮೇಡಂ ಬಂದಿದ್ದರು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಮೊಬೈಲು. ಅವರ ವಾಕ್ಯ ಸಂಕ್ಷಿಪ್ತವಾಗಿತ್ತು.

“ನೋಡ್ರಿ, ಎರಡೂ ಮಷೀನು ಒಟ್ಟಿಗೆ ಓಡೋದನ್ನ ನಾನು ವಿಡಿಯೊ ಮಾಡ್ಬೇಕು. ಹನ್ನೊಂದಕ್ಕ ನಾ ಹೊರಡಬೇಕು. ಓಡ್ಲಿಲ್ಲ ಅಂದ್ರ ಶೆಡ್ಡು ಮುಂದಿನವರಿಗೆ ಹೋಗತೈತಿ. ಬೈಕೊಬ್ಯಾಡ್ರಿ, ರೂಲ್ಸು ನಾ ಬರದಿಲ್ಲ.”

ಈಗ ಕಾರಣಕಾಂಡವನ್ನು ಹೇಳಬೇಕು. ಸರ್ಕಾರವು ಈ ಇಬ್ಬರಿಗೂ ಎರಡು ವಾರ ಉದ್ಯಮಶೀಲತಾ ತರಬೇತಿ ಕೊಟ್ಟಿತ್ತು. ಗ್ರಾಹಕನನ್ನು ನಗುತ್ತ ಮಾತಾಡಿಸುವುದು, ಪಾಕೀಟಿನ ಮೇಲೆ ಹೆಸರು ಹಾಕುವುದು, ಸ್ಪರ್ಧಿಯ ನಡೆಯನ್ನು ಮುಂಚಿತವಾಗಿ ಊಹಿಸುವುದು, ಎಲ್ಲವನ್ನೂ ಕಲಿಸಿತ್ತು. ಯಂತ್ರವನ್ನು ಯಾವ ಗಳಿಗೆಯಲ್ಲಿ ಚಾಲೂ ಮಾಡಬೇಕೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಆ ಕೊರತೆಯನ್ನು ತುಂಬಲು ಫಕ್ಕೀರವ್ವ ಒಂದು ಸಂಜೆ ಊರ ಪಂಚಾಂಗದ ಅಯ್ಯನವರಲ್ಲಿಗೆ ಹೋಗಿ, ತೆಂಗಿನಕಾಯಿ ಇಟ್ಟು, “ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ” ಎಂದು ಮಾತು ತೆಗೆದುಕೊಂಡು ಮುಹೂರ್ತ ಕೇಳಿದಳು. ಮರುದಿನ ಬೆಳಿಗ್ಗೆ ಮೌನೇಶನೂ ತೆಂಗಿನಕಾಯಿ ಇಟ್ಟು ಅದೇ ಮಾತು ತೆಗೆದುಕೊಂಡ. ಪಂಚಾಂಗದಲ್ಲಿ ಮೇಡಂ ಬರುವ ದಿನಕ್ಕೆ ಒಳ್ಳೆಯ ಗಳಿಗೆ ಇದ್ದದ್ದು ಒಂದೇ. ಅಯ್ಯನವರು ಇಬ್ಬರಿಗೂ ಅದನ್ನೇ ಕೊಟ್ಟರು, ಇಬ್ಬರಿಗೂ ಕೊಟ್ಟ ಮಾತನ್ನು ಉಳಿಸಿಕೊಂಡರು. ಸತ್ಯಸಂಧತೆಯಿಂದ ಇಷ್ಟು ದೊಡ್ಡ ಅನರ್ಥವಾದದ್ದು ಆ ತಾಲೂಕಿನಲ್ಲಿ ಅದೇ ಮೊದಲು.

ಹೀಗಿರಲು ಗಳಿಗೆ ಬಂದಿತು. ಮೌನೇಶನು ಕೂಲಿಂಗ್ ಗ್ಲಾಸನ್ನು ಹಣೆಯಿಂದ ಕಣ್ಣಿಗಿಳಿಸಿ, “ಎಲೈ ಶಾವಿಗೆಯ ಸಾಮ್ರಾಜ್ಞಿಯೇ, ಮೂರು ಒನಕೆಗಳು ಮೇಘಗಳಂತೆ ಮೊಳಗುವಾಗ ನಿನ್ನ ಯಂತ್ರದ ಗುಂಯ್‌ಗುಟ್ಟುವಿಕೆ ನೊಣದ ಧ್ವನಿಯಂತೆ ಅಡಗಿಹೋದೀತು, ಆದ್ದರಿಂದ ಗೌರವದಿಂದ ಹಿಂದೆ ಸರಿ” ಎಂಬ ಭಾವವು ಸಂಪೂರ್ಣವಾಗಿ ಅಡಕವಾಗುವಂತೆ ಹೀಗೆಂದ:

“ಅಕ್ಕಾ, ನಂದು ಮೊದಲು.”

“ಯಾಕೋ ತಮ್ಮಾ? ಮುಹೂರ್ತ ನಂದೈತಿ.”

“ನಿಮ್ದು ಹೆಂಗಾಗತೈತಿ? ಹತ್ತು ನಲವತ್ತೆರಡು ನಂದು.”

“ಹತ್ತು ನಲವತ್ತೆರಡು ನಿನಗ ಯಾರು ಹೇಳಿದ್ರು?”

ಉಭಯರೂ ಏಕಕಾಲದಲ್ಲಿ ಬಾಗಿಲಿನತ್ತ ತಿರುಗಿದರು. ಅಲ್ಲಿ ನಿಂತಿದ್ದ ಅಯ್ಯನವರು ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ತಗಡಿನ ಛಾವಣಿಯನ್ನು ನೋಡುತ್ತಿದ್ದರು. ಮೊಬೈಲಿನಲ್ಲಿ ನಲವತ್ತೆರಡು ಮೂಡಿತು. ಇನ್ನು ಮಾತಿಗೆ ಎಡೆಯಿರಲಿಲ್ಲ. ಹಿಟ್ಟುಮೆತ್ತಿದ ಬೆರಳು ಪೂರ್ವದ ಗೋಡೆಯ ಮೇಲೂ ಉಂಗುರ ತೊಟ್ಟ ಬೆರಳು ಪಶ್ಚಿಮದ ಗೋಡೆಯ ಮೇಲೂ ಒಂದೇ ನಿಮಿಷಾರ್ಧದ ಅರ್ಧದಲ್ಲಿ ಅಪ್ಪಳಿಸಿದವು.

ಇಲ್ಲಿ ಯಂತ್ರಗಳ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ಮೋಟರೆಂಬುದು ಓಡುತ್ತಿರುವಾಗ ಏಕಾದಶಿಯ ಮುದುಕಿಯಂತೆ ಮಿತಾಹಾರಿ. ಆದರೆ ನಿಂತಲ್ಲಿಂದ ಏಳುವ ಮೊದಲ ಕ್ಷಣದಲ್ಲಿ ಮದುವೆಮನೆಗೆ ತಡವಾಗಿ ಬಂದ ಬೀಗರಂತೆ ಐದಾರು ಪಟ್ಟು ಕರೆಂಟನ್ನು ಒಮ್ಮೆಲೇ ಉಣ್ಣುತ್ತದೆ. ಒಬ್ಬ ಬೀಗನನ್ನು ಯಾವ ಮನೆಯಾದರೂ ತಾಳುತ್ತದೆ. ಇಬ್ಬರು ಒಂದೇ ಪಂಕ್ತಿಗೆ ನುಗ್ಗಿದರೆ?

ಫಟ್.

ಕರಿಯ ದ್ವಾರಪಾಲಕನು ಕೆಳಗೆ ಬಿದ್ದ. ಶಾವಿಗೆಯ ಯಂತ್ರ ಅರ್ಧ ಗುಕ್ಕಿನಲ್ಲಿ ನಿಂತಿತು. ಒನಕೆಗಳು ಎತ್ತಿದ ಭಂಗಿಯಲ್ಲೇ ಮೂಕವಾದವು. ಬಲ್ಬು ಕಣ್ಣು ಮುಚ್ಚಿತು.

“ಕೆಡಿಸಿಬಿಟ್ಟೆಲ್ಲೋ ತಮ್ಮಾ! ನಿನ್ನ ಡಬ್ಬಾ ಮಷೀನು ಊರಿನ ಕರೆಂಟೆಲ್ಲ ನುಂಗತೈತಿ.”

“ನಂದು ಹೊಸಾದು ಅಕ್ಕಾ, ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ನಿಮ್ದೇ ದೋಷ ಐತಿ. ಶಾವಿಗಿ ಹಿಟ್ಟು ಹಿಂಗ ಗಟ್ಟಿ ನಾದಿದ್ರ ಮೋಟರ್ ಏನ್ ಮಾಡತೈತಿ ಪಾಪ?”

ಹಿಟ್ಟಿನ ನಿಂದೆ! ಹನ್ನೆರಡು ಬೇಸಿಗೆಯ ಕೀರ್ತಿಯ ಮೇಲೆ ಬಿದ್ದ ಮೊದಲ ಬಾಣ! ಫಕ್ಕೀರವ್ವನ ಮುಖ ಕೆಂಪಗಾಗಿ, ಪಶ್ಚಿಮದ ಬುಟ್ಟಿಯಲ್ಲಿದ್ದ ಮೆಣಸಿನಕಾಯಿಗಳು ನಾಚಿದವು.

“ನನ್ನ ಹಿಟ್ಟಿಗೆ ಹೆಸರಿಡಬ್ಯಾಡ. ನಿಮ್ಮವ್ವನ ಮದುವಿಗೆ ಶಾವಿಗಿ ಹೊಸೆದು ಕೊಟ್ಟಾಕಿ ನಮ್ಮವ್ವ. ಕೇಳು ನಿಮ್ಮಜ್ಜಿನ್ನ!”

“ಶಾವಿಗಿ ಚಲೋ ಇತ್ತು ಬಿಡಪಾ,” ಎಂದಳು ಕಾಳಮ್ಮಜ್ಜಿ, ನ್ಯಾಯಪರಳಾಗಿ. ಮೊಮ್ಮಗ ಅವಳತ್ತ ನೋಡಿದ ನೋಟ ಪಾಳೆಯದಲ್ಲೇ ಶತ್ರುವನ್ನು ಕಂಡ ಸೇನಾಪತಿಯ ನೋಟವಾಗಿತ್ತು.

ಸುಲೋಚನಾ ಮೇಡಂ ಮೊಬೈಲನ್ನು ಕೆಳಗಿಳಿಸಲಿಲ್ಲ. “ಜಗಳದ ವಿಡಿಯೊಕ್ಕ ನಮ್ಮಲ್ಲಿ ಸ್ಕೀಮಿಲ್ಲ,” ಎಂದರು. “ಆ ಕರೀ ಸ್ವಿಚ್ಚು ಮ್ಯಾಲೆ ಮಾಡಿ ಇನ್ನೊಮ್ಮೆ ಹಚ್ಚರಿ. ಟೈಮಾಗತೈತಿ.”

ಅಯ್ಯನವರು ಛಾವಣಿಯಿಂದ ದೃಷ್ಟಿ ಇಳಿಸಿ, ಶುಭಗಳಿಗೆ ಹನ್ನೊಂದರತನಕ ಇದೆಯೆಂದು ಸಮಾಧಾನ ಹೇಳಿದರು. ಅದನ್ನು ಮೊದಲೇ ಹೇಳಿದ್ದರೆ ಈ ಗಾಥೆ ಇರುತ್ತಿರಲಿಲ್ಲ.

ಎರಡನೆಯ ಸಮರವು ಮೊದಲನೆಯದಕ್ಕಿಂತ ಸೂಕ್ಷ್ಮವಾಗಿತ್ತು. ದ್ವಾರಪಾಲಕನನ್ನು ಮತ್ತೆ ಎಬ್ಬಿಸಿದ ಮೇಲೆ ಇಬ್ಬರೂ ತಮ್ಮ ತಮ್ಮ ಸ್ವಿಚ್ಚಿನ ಮುಂದೆ ನಿಂತರು. ಆದರೆ ಕಣ್ಣು ಸ್ವಿಚ್ಚಿನ ಮೇಲಿರಲಿಲ್ಲ. ತರಬೇತಿಯಲ್ಲಿ ಕಲಿಸಿದಂತೆ ಸ್ಪರ್ಧಿಯ ಮೇಲಿತ್ತು. ಫಕ್ಕೀರವ್ವ ಬೆರಳೆತ್ತಿದಳೆಂದು ಮೌನೇಶ ಎತ್ತಿದ. ಮೌನೇಶ ಎತ್ತಿದನೆಂದು ಫಕ್ಕೀರವ್ವ ಒತ್ತಿದಳು. ಫಕ್ಕೀರವ್ವ ಒತ್ತಿದಳೆಂದು ಮೌನೇಶನೂ ಒತ್ತಿದ. ಇಬ್ಬರು ಪರಸ್ಪರರನ್ನು ಇಷ್ಟು ಎಚ್ಚರದಿಂದ ಗಮನಿಸಿದರೆ ಗಡಿಯಾರಗಳಿಗೂ ಸಾಧ್ಯವಾಗದ ಏಕಕಾಲಿಕತೆ ಉಂಟಾಗುತ್ತದೆ.

ಫಟ್.

ಗಂಟೆ ಹತ್ತೂ ಐವತ್ತೈದು. ಮೇಡಂ ವ್ಯಾನಿಟಿ ಬ್ಯಾಗನ್ನು ಹೆಗಲಿಗೇರಿಸಿದರು. ಮಾತಿನಲ್ಲಿ ಹೇಳದ್ದನ್ನು ಆ ಬ್ಯಾಗು ಹೇಳಿತು. ಫಕ್ಕೀರವ್ವ ಮಷೀನಿನ ಬಾಯಲ್ಲಿ ಅರ್ಧ ಇಣುಕಿ ನಿಂತಿದ್ದ ಶಾವಿಗೆಯ ಎಳೆಗಳನ್ನು ನೋಡಿದಳು. ಬೆರಳಿನಿಂದ ಅವನ್ನು ಮೆಲ್ಲಗೆ ಕಿತ್ತು ಹಿಟ್ಟಿಗೇ ಸೇರಿಸಿದಳು. ಒಣಗಲು ಬಿಟ್ಟರೆ ಹಾಳು. ಮಷೀನು ಹೋದರೂ ಹಿಟ್ಟು ಹಾಳಾಗಬಾರದು.

“ಮೇಡಂ,” ಎಂದಳು, ದನಿ ಈಗ ರಣಕಹಳೆಯಾಗಿರಲಿಲ್ಲ, “ಇನ್ನೊಂದ ಸಲ. ನನಗ ವಾಪಸ್ ಹೋಗಾಕ ಜಾಗಾ ಇಲ್ರಿ.”

“ಒಂದ ಸಲ. ಆಮ್ಯಾಲ ನಾ ಇರಂಗಿಲ್ಲ.”

ಮೂರನೆಯ ಬಾರಿಗೆ ದ್ವಾರಪಾಲಕನನ್ನು ಎಬ್ಬಿಸಲಾಯಿತು. ಮೂರನೆಯ ಬಾರಿಗೆ ಬೆರಳುಗಳು ಮೇಲೆದ್ದವು. ಆ ಪರಮಸಂಕಟದ ಕ್ಷಣದಲ್ಲಿ, ಎರಡು ಸಲ ಅರ್ಧಂಬರ್ಧ ಎದ್ದ ಒನಕೆಗಳು ಎಬ್ಬಿಸಿದ ಖಾರದ ಧೂಳಿಯು, ಅರುಣವರ್ಣೆ, ಸೂಕ್ಷ್ಮಶರೀರೆ, ಪಕ್ಷಪಾತವಿಲ್ಲದವಳು, ತೇಲಿಬಂದು ತನ್ನ ಸ್ವಾಮಿಯ ಬಲಮೂಗಿನ ಹೊಳ್ಳೆಯನ್ನು ಪ್ರವೇಶಿಸಿದಳು.

“ಆ... ಆ... ಹಾಕ್ಷೀ!”

ಒಂದೇ ಸೀನು. ಎರಡನೆಯದು ಬರಲಿಲ್ಲ. ಕಾಳಮ್ಮಜ್ಜಿ ಕುರ್ಚಿಯಿಂದ ಎದ್ದುನಿಂತಳು.

“ಒಂಟಿ ಸೀನು! ಕೈ ತೆಗಿ! ಕುಂಡ್ರು!”

“ಅಜ್ಜಿ, ಖಾರದ ಮನ್ಯಾಗ ಸೀನು ಬರದೆ, ಮಲ್ಲಿಗಿ ವಾಸ್ನಿ ಬರತೈತೇನು?”

“ಕುಂಡ್ರು ಅಂದ್ನೆಲ್ಲೋ! ನಿಮ್ಮಪ್ಪ ಒಂಟಿ ಸೀನು ಸೀನಿ ಹೊಂಟು ಸೈಕಲ್ ಮ್ಯಾಲಿಂದ ಬಿದ್ದದ್ದು ಮರತಿಯೇನು? ಎರಡು ಗುಟುಕು ನೀರು ಕುಡದು ಏಳು.”

ತ್ರಿಮುಸಲಧರನು, ಮೆಣಸಿನಕಾಯಿಗಳ ಕಾಲಾಂತಕನು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಯಾರ ಮಾತನ್ನೂ ಕೇಳದವನು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ. ಅಜ್ಜಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಅದು ಬೇಗ ತಿರುಗಲಿಲ್ಲ.

ಶತ್ರು ಆಸನಸ್ಥನಾದದ್ದನ್ನು ಕಂಡ ಫಕ್ಕೀರವ್ವ ಒತ್ತಿದಳು.

ಫಟ್ ಎನ್ನಲಿಲ್ಲ. ಗುಂಯ್ ಎಂದಿತು. ಬಲ್ಬು ಒಮ್ಮೆ ಕಣ್ಣು ಕಿರಿದಾಗಿಸಿ ಮತ್ತೆ ಅರಳಿತು. ಅಚ್ಚಿನ ಕಣ್ಣುಗಳಿಂದ ಶಾವಿಗೆಯ ಎಳೆಗಳು, ಮೊದಲು ಹಿಂಜರಿದು, ಆಮೇಲೆ ಬೆಳ್ಳಗೆ, ನೀಳವಾಗಿ, ಸಾಲು ಸಾಲಾಗಿ ಇಳಿದು ಬಂದವು. ಅವಳ ಎರಡೂ ಕೈ ತಾನಾಗಿಯೇ ಕೆಳಗೆ ಚಾಚಿ ಅವನ್ನು ಎತ್ತಿ ಹಿಡಿದವು. ಬಲಭುಜ ಈ ಸಲ ಏನನ್ನೂ ತಿರುಗಿಸಬೇಕಾಗಿರಲಿಲ್ಲ.

“ಒಂದಾತು,” ಎಂದರು ಮೇಡಂ, ಮೊಬೈಲಿನ ಹಿಂದಿನಿಂದ. “ಎರಡನೇದು?”

ಮೌನೇಶ ನೀರು ಕುಡಿದು ಎದ್ದು ಸ್ವಿಚ್ಚಿನ ಬಳಿ ಬಂದ. ಕೈ ಎತ್ತಿದವನು ಅಲ್ಲೇ ತಡೆದ. ಎರಡು ಸಲ ಫಟ್ ಎಂದದ್ದು ಅವನ ಕಿವಿಯಲ್ಲೂ ಇತ್ತು. ತಾನು ಒತ್ತಿ ಎಲ್ಲ ಬಿದ್ದರೆ ಓಡುತ್ತಿರುವ ಶಾವಿಗೆಯೂ ನಿಲ್ಲುತ್ತದೆ, ಇಬ್ಬರೂ ಬೀದಿಗೆ. ಒತ್ತದಿದ್ದರೂ ರೂಲ್ಸಿನ ಪ್ರಕಾರ ಇಬ್ಬರೂ ಬೀದಿಗೆ. ಕೂಲಿಂಗ್ ಗ್ಲಾಸನ್ನು ಹಣೆಗೇರಿಸಿ ಅವನು ಹಳದಿ ಗೆರೆಯಾಚೆಗೆ ನೋಡಿದ.

“ಅಕ್ಕಾ... ಹಚ್ಚಲೇನು?”

ಫಕ್ಕೀರವ್ವನ ಎರಡೂ ಕೈ ತುಂಬ ಶಾವಿಗೆ ಇತ್ತು. ಆ ಎಳೆಗಳನ್ನು ನೋಡಿದಳು, ಗೋಡೆಯ ಕರಿ ಸ್ವಿಚ್ಚನ್ನು ನೋಡಿದಳು, ಬಾಟಲಿ ಹಿಡಿದು ಉಸಿರು ಬಿಗಿಹಿಡಿದ ಮುದುಕಿಯನ್ನು ನೋಡಿದಳು. ಬೇಡವೆಂದು ಹೇಳಲು ಬಾಯಿ ಬಿಡುವವಳಿದ್ದಳು. ಬೇರೆಯದೇ ಬಂತು.

“ಹಚ್ಚೋ ತಮ್ಮಾ. ಬಿದ್ರ ಇಬ್ರೂ ಕೂಡಿ ಬೀಳೂಣು.”

ಅವನು ಕಣ್ಣು ಮುಚ್ಚಿ ಒತ್ತಿದ.

ಬಲ್ಬು ಮಿಟುಕಿತು. ಮೂರು ಒನಕೆಗಳು ಮೇಲೆದ್ದವು, ಇಳಿದವು. ಧಡ್. ಮತ್ತೆದ್ದವು. ಧಡ್, ಧಡ್. ಕರಿಯ ದ್ವಾರಪಾಲಕನು ಕುಳಿತಲ್ಲೇ ಕುಳಿತಿದ್ದ. ಒಬ್ಬ ಬೀಗ ಉಂಡು ಕೈ ತೊಳೆದ ಮೇಲೆ ಇನ್ನೊಬ್ಬ ಎಲೆಯ ಮುಂದೆ ಕುಳಿತಿದ್ದ, ಅಷ್ಟೆ.

ದೇವದುಂದುಭಿ ಮೊಳಗಲಿಲ್ಲ, ಹೂಮಳೆ ಸುರಿಯಲಿಲ್ಲ. ಖಾರದ ಧೂಳಿ ಸುರಿದು ಎಲ್ಲರೂ ಸೀನಿದರು, ಅಯ್ಯನವರು ಎರಡು ಸಲ. ಮೇಡಂ ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ಹಿಂದಿನ ಎರಡು ವಿಡಿಯೊಗಳನ್ನು ಹಾಕಿ ತೋರಿಸಿದರು. ಎರಡರಲ್ಲೂ ಎರಡು ಬೆರಳು ಒಂದೇ ಕ್ಷಣಕ್ಕೆ ಗೋಡೆಗೆ ತಾಗುತ್ತಿದ್ದವು, ಕವಾಯತಿನ ಸಿಪಾಯಿಗಳ ಕಾಲುಗಳಂತೆ.

ಫಕ್ಕೀರವ್ವ ಬಗ್ಗಿ ನೋಡಿದಳು. “ಕೂಡಿ ಒತ್ತಿದ್ದು, ಇಷ್ಟೇ ಏನ್ರಿ?”

“ಇಷ್ಟೇ ಕಾಣ್ತೈತಿ ನೋಡ್ರಿ,” ಎಂದರು ಮೇಡಂ, ಹೊರಡುತ್ತ. ಹೋಗುವಾಗ ಒಂದು ಪಾಕೀಟು ಶಾವಿಗೆಯನ್ನೂ ಒಂದು ಪಾಕೀಟು ಖಾರವನ್ನೂ ದುಡ್ಡು ಕೊಟ್ಟೇ ಒಯ್ದರು. ಅಯ್ಯನವರು ಇದೆಲ್ಲ ಮುಹೂರ್ತದ ಬಲವೆಂದರು. ಕಾಳಮ್ಮಜ್ಜಿ ಸೀನಿನ ಬಲವೆಂದಳು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಹಿರೇಮುಗದೂರಿನ ಕೆರೆಯ ದಾರಿಯಲ್ಲಿ ಬೆಳಿಗ್ಗೆ ಹೋಗುವವರಿಗೆ ಈಗಲೂ ಇದು ಕೇಳಿಸುತ್ತದೆ. ಮೊದಲು ಶಾವಿಗೆಯ ಮಷೀನಿನ ಗುಂಯ್. ಆಮೇಲೆ ಗುಲಾಬಿ ಗೋಡೆಯ ಕಡೆಯಿಂದ “ಸೀನೋ ತಮ್ಮಾ!” ಎಂಬ ಕೂಗು. ನೀಲಿ ಗೋಡೆಯ ಕಡೆಯಿಂದ, ಬರಿಯ ಬಾಯಲ್ಲಿ ಹೇಳಿದ “ಹಾಕ್ಷೀ.” ಆಮೇಲೆ ಮೂರು ಒನಕೆಗಳ ಧಡ್ ಧಡ್.

ಗುಂಯ್‌ಗೂ ಧಡ್‌ಗೂ ನಡುವಿನ ಅಂತರ ನಾಲ್ಕು ಸೆಕೆಂಡು.