ಎಲ್ಲದಕ್ಕೂ ಹೂಂ ಅನ್ನುವ ಸ್ಕ್ರಿಪ್ಟು

ಆ ಭಾನುವಾರ ಬೆಳಗ್ಗೆ ಎದ್ದವನೇ ಘೋಷಿಸಿಬಿಟ್ಟೆ: ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಕಂಪ್ಯೂಟರಿನ ಮುಂದೆ ಕೂತು 'ನೆಕ್ಸ್ಟ್, ನೆಕ್ಸ್ಟ್' ಒತ್ತುವ ಚಾಕರಿ ಮಾಡಬೇಕಾಗಿಲ್ಲ!

ಆ ಚಾಕರಿ ನನ್ನ ಹೆಂಡತಿ ಸೌಭಾಗ್ಯಳದು. ಸಿದ್ಧೇಶ್ವರ ಗುಡಿಯ ಹಿಂದಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಅವಳ ಎಂಬ್ರಾಯಿಡರಿ ಮಷೀನಿದೆ. ಅದಕ್ಕೆ ಡಿಸೈನು ಕಳಿಸುವುದು ಒಂದು ಮುದಿ ಕಂಪ್ಯೂಟರು. ಅದರ ಸಾಫ್ಟ್‌ವೇರು ಆಗಾಗ ಕೈಕೊಡುತ್ತದೆ; ಆಗೆಲ್ಲ ಸಿಡಿ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಬೇಕು. ಆ ಸಿಡಿಯೋ, ಹುಡುಗಿ ನೋಡಲು ಬಂದವರ ಹಾಗೆ ಪ್ರಶ್ನೆ ಕೇಳುತ್ತಲೇ ಇರುತ್ತದೆ. ಇಲ್ಲಿ ಇಡಲೇ? ಅಲ್ಲಿ ಹಾಕಲೇ? ಒಪ್ಪಿಗೆಯೇ?

ಟಿಕೋಟಾದ ನಮ್ಮ ಕಚೇರಿಯಲ್ಲಿ ನಾನೊಬ್ಬನೇ ಕಂಪ್ಯೂಟರ್ ಪಂಡಿತ. ಅಲ್ಲಿರುವ ಕಂಪ್ಯೂಟರೂ ಒಂದೇ, ಆ ಮಾತು ಬೇರೆ. ಆ ಪಾಂಡಿತ್ಯವನ್ನೆಲ್ಲ ಬಸಿದು ಸ್ಕ್ರಿಪ್ಟು ಬರೆಯಲು ಕೂತೆ. ಸ್ಕ್ರಿಪ್ಟೆಂದರೆ ಕಂಪ್ಯೂಟರಿಗೆ ಮೊದಲೇ ಬರೆದುಕೊಟ್ಟ ಅಪ್ಪಣೆ. ನನ್ನ ಅಪ್ಪಣೆಯ ತಿರುಳು ಇಷ್ಟೇ: ಸಿಡಿ ಏನೇ ಕೇಳಲಿ, ನನ್ನನ್ನು ಕರೆಯಬೇಡ, ಹೂಂ ಅಂದುಬಿಡು.

ನಡುವೆ ಸೌಭಾಗ್ಯ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಏನೋ ಕೇಳಿದಳು. ಹೂಂ ಅಂದೆ. ಮತ್ತೇನೋ ಕೇಳಿದಳು. ಅದಕ್ಕೂ ಹೂಂ ಅಂದೆ. ಸೃಷ್ಟಿಗೆ ಕೂತ ಬ್ರಹ್ಮನ ಹತ್ತಿರ ಸರಸ್ವತಿ ಬಂದು ಕಾಯಿಪಲ್ಯೆ ವಿಚಾರಿಸಿದರೆ ಅವನಾದರೂ ಇನ್ನೇನು ಅಂದಾನು?

ಸಿಡಿ ಹಾಕಿ ಸ್ಕ್ರಿಪ್ಟು ಓಡಿಸಿದೆ. ಆಹಾ! ಪ್ರಶ್ನೆಗಳು ಕಣ್ಣಿಗೆ ಬೀಳುವಷ್ಟರಲ್ಲೇ ಮಾಯ! ನನ್ನ ಚಹಾ ಮುಗಿಯುವುದರೊಳಗೆ ಕೆಲಸ ಮುಗಿದು ಸಿಡಿಯ ತಟ್ಟೆ ತಾನಾಗಿ ಹೊರಗೆ ಬಂತು. ಹೆಂಡತಿಯನ್ನು ಕರೆದು ಕುರ್ಚಿ ಬಿಟ್ಟುಕೊಟ್ಟೆ.

ಅವಳು ಮೌಸ್ ಆಡಿಸಿದಳು. ಮುಖ ಇಳಿಯಿತು. "ಶಬನಮನ ದ್ರಾಕ್ಷಿಬಳ್ಳಿ ಎಲ್ಲಿ ಹೋತ್ರಿ?"

ಶಬನಮ ಎದುರುಮನೆಯ ರಹಿಮಾಬಿಯ ಮಗಳು. ಹೊನವಾಡದ ದ್ರಾಕ್ಷಿ ತೋಟದವರ ಮನೆಗೆ ಸೊಸೆಯಾಗಿ ಹೋಗುವವಳು. ಅದಕ್ಕೇ ಅವಳ ಮದುವೆ ದುಪಟ್ಟಾದ ಅಂಚಿಗೆ ಸೌಭಾಗ್ಯ ವಾರವಿಡೀ ಕೂತು ಕಂಪ್ಯೂಟರಿನಲ್ಲಿ ದ್ರಾಕ್ಷಿಬಳ್ಳಿಯ ಡಿಸೈನು ಮಾಡಿದ್ದಳು; ಬಟ್ಟೆಗೆ ಹೊಲಿಯುವುದಷ್ಟೇ ಬಾಕಿಯಿತ್ತು. ಸಂಜೆ ಬೀಗರು ದುಪಟ್ಟಾ ನೋಡಲು ಬರುವವರಿದ್ದರು. ಸಿಡಿ ಪಾಪ ಕೇಳಿಯೇ ಇತ್ತು: ಹಳೆಯ ಡಿಸೈನುಗಳನ್ನೆಲ್ಲ ಅಳಿಸಲೇ? ನನ್ನ ಸ್ಕ್ರಿಪ್ಟು ಹೂಂ ಅಂದಿತ್ತು!

"ಎಂಥಾ ದಡ್ಡ ಸ್ಕ್ರಿಪ್ಟ್ ನೋಡು," ಅಂದೆ. "ಕೇಳಿದ್ದೇನಂತ ತಿಳ್ಕೊಳ್ಳಲಾರದ ಹೂಂ ಅಂದು ಕುಂತೈತಿ."

"ಡಿಸೈನ್ ಮೊದಲ ಪೆನ್‌ಡ್ರೈವಿಗೆ ಹಾಕ್ಕೊಂಡೀರೇನಂತ ನಾ ಮುಂಜಾನೆ ಕೇಳಿದ್ನಲ್ಲ, ಅದಕ್ಕ ಹೂಂ ಅಂದವ್ರು ಯಾರು?"

ಎರಡನೆಯ ಹೂಂ ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು. ಏನಾದರೂ ಎಡವಟ್ಟಾದರೆ ರಹಿಮಾಬಿಯ ಮುಂದೆ ನಾನೇ ಹೋಗಿ ನಿಲ್ಲುತ್ತೇನೆಂದು ಒಪ್ಪಿದ್ದೆನಂತೆ.

ಹೋದೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ರಹಿಮಾಬಿ ಕೂರಿಸಿ ಚಹಾ ಕೊಟ್ಟರು. ತೊದಲುತ್ತ ಎಲ್ಲ ಹೇಳಿದೆ, ಗುರುವಾರದ ತನಕ ಸಮಯ ಬೇಡಿದೆ. ಅವರು ಮೂಲೆಯಲ್ಲಿ ಮೊಬೈಲಿನೊಳಗೆ ಮುಳುಗಿದ್ದ ಗಂಡ ರಸೂಲಸಾಬರ ಕಡೆ ತಿರುಗಿದರು.

"ಬೀಗರಿಗೆ ಗುರುವಾರ ಬರ್ರಿ ಅಂತ ಫೋನ್ ಮಾಡ್ತೀರೇನ್ರಿ?"

"ಹೂಂ," ಅಂದರು ರಸೂಲಸಾಬರು, ತಲೆ ಎತ್ತದೆ.

"ಶಬನಮಗ ಇನ್ನೊಂದು ದುಪಟ್ಟಾಕ್ಕೂ ಬಳ್ಳಿ ಹಾಕ್ಸೂನ್ರಿ?"

"ಹೂಂ."

ರಹಿಮಾಬಿ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಸ್ಕ್ರಿಪ್ಟಿಗಿ ಯಾಕ ಬೈತೀರಿ ಅಣ್ಣಾರ? ಛಲೋನ ಐತಿ. ಏನ್ ಕೇಳಬೇಕು, ಯಾವಾಗ ಕೇಳಬೇಕು ಅನ್ನೂದು ಗೊತ್ತಿರಬೇಕಷ್ಟ."

ಮನೆಗೆ ಬಂದಾಗ ಸೌಭಾಗ್ಯ ಆಗಲೇ ಬಳ್ಳಿಯ ಮೊದಲ ಎಲೆ ಶುರು ಮಾಡಿದ್ದಳು. ಪರದೆಯಿಂದ ಕಣ್ಣು ತೆಗೆಯದೆ ಏನೋ ಕೇಳಿದಳು. ನಾನು ಹತ್ತಿರ ಹೋಗಿ ಕೈಕಟ್ಟಿ ನಿಂತು, ಏನಂದಿ ಎಂದೆ.

"ಗುರುವಾರದ ಮಟ ರೊಟ್ಟಿ ನೀವ ಬಡೀತೀರೇನು ಅಂತ ಕೇಳಿದ್ನಿ."

ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಮದುವೆಯಾದ ಮೇಲೆ ಮೊದಲ ಸಲ ಯೋಚಿಸಿ ಉತ್ತರ ಕೊಟ್ಟೆ.

"ಹೂಂ."