ಎ.ಸಿ. ಕೋಣೆಯಲ್ಲಿರುವ ನಮ್ಮ ತೊಟ್ಟಿಲಿನ ವಿಷಯವಾಗಿ

ಮಾನ್ಯರೇ,

ಅಲಖನೂರಿನಲ್ಲಿ ಕಬ್ಬು ಬೆಳೆದುಕೊಂಡಿರುವ ಭಾವುಸಾಹೇಬನು, ಚಿಕ್ಕೋಡಿಯ ಕಲಾ ಸಂಗ್ರಹಾಲಯದ ನಿರ್ದೇಶಕರಾದ ತಮಗೆ ಮನೆಮಂದಿಯೆಲ್ಲರ ಪರವಾಗಿ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಎ.ಸಿ. ಕೋಣೆಯಲ್ಲಿ ನಮ್ಮ ತೊಟ್ಟಿಲು ತಮಗಿಂತಲೂ ಕ್ಷೇಮವೆಂದೂ ತಿಳಿದು ಸಂತೋಷಪಟ್ಟಿದ್ದೇವೆ.

ತಾವೇ ನಮ್ಮ ಮನೆಯವರೆಗೆ ದಯಮಾಡಿಸಿ, ಚಹಾ ಕುಡಿದು, ಗಿಳಿ ಕೆತ್ತಿದ ನಮ್ಮ ಸಾಗವಾನಿ ತೊಟ್ಟಿಲನ್ನು ಕಂಡು ಕಣ್ಣರಳಿಸಿ, ‘ಮನೆಮನೆಯ ಕಲೆ’ ಪ್ರದರ್ಶನಕ್ಕೆ ಬೇಡಿದಿರಿ. ನನ್ನ ಮಗಳು ಕಾಜಲ ಆಗ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಹುಟ್ಟುವುದರೊಳಗೆ ತೊಟ್ಟಿಲು ಮನೆ ಸೇರುತ್ತದೆಂದು ತಾವು ಮಾತು ಕೊಟ್ಟಿರಿ, ನಾನೂ ಉಬ್ಬಿ ಹೂಂ ಅಂದೆ. ಆಮೇಲೆ ಸನ್ಮಾನದ ಶಾಲು ಬಂತು, ಪೇಪರಿನಲ್ಲಿ ಫೋಟೊ ಬಂತು, ಮೊಮ್ಮಗಳೂ ಬಂದಳು, ತೊಟ್ಟಿಲೊಂದು ಬರಲಿಲ್ಲ. ಹಾರೂಗೇರಿ, ಮುಗಳಖೋಡದ ಜನ ಟೆಂಪೊ ಮಾಡಿಕೊಂಡು ಬಂದು ನೋಡುತ್ತಿರುವುದರಿಂದ ಪ್ರದರ್ಶನವನ್ನು ಮುಂದುವರಿಸಲಾಗಿದೆ ಎಂದು ತಮ್ಮ ಕಚೇರಿಯಿಂದ ತಿಳಿಸಿದರು. ನಮ್ಮ ಸೀಮೆಯ ಜನರಲ್ಲಿ ತಾವು ಹುಟ್ಟಿಸಿದ ಈ ಕಲಾಪ್ರೇಮಕ್ಕೆ ಶರಣು.

ಆದರೆ ಮಹನೀಯರೇ, ನಮ್ಮ ಮನೆತನದಲ್ಲಿ ಆ ತೊಟ್ಟಿಲಿಗೆ ಹಾಕದೆ ಯಾವ ಕೂಸಿಗೂ ಹೆಸರಿಟ್ಟಿಲ್ಲ. ಹೆಸರಿಡುವ ಕಾರ್ಯ ಬರುವ ರವಿವಾರ. ನಿಪ್ಪಾಣಿಯಿಂದ ಬೀಗರು ಬರುವವರಿದ್ದಾರೆ. ಪಾಪ, ಮೊಮ್ಮಗಳು ಹಳೆಯ ಸೀರೆಯ ಜೋಳಿಗೆಯಲ್ಲಿ ಮಲಗಿದ್ದಾಳೆ, ಮನೆಮಂದಿಯೆಲ್ಲ ಅವಳನ್ನು ಏ ಕೂಸ ಎಂದೇ ಕರೆಯುತ್ತಿದ್ದಾರೆ.

ಕೇಳಿಕೊಳ್ಳಲು ಬಂದ ನನಗೆ ತಮ್ಮ ಸಿಬ್ಬಂದಿ ಬಹಳ ತಾಳ್ಮೆಯಿಂದ ನಿಯಮ ತಿಳಿಸಿದರು. ಪ್ರದರ್ಶನ ಮುಗಿಯುವತನಕ ವಸ್ತು ಜಾಗ ಬಿಟ್ಟು ಕದಲುವಂತಿಲ್ಲ, ಬಿಳಿ ಕೈಗವಸು ತೊಟ್ಟ ತಮ್ಮ ಹೊರತು ಯಾರೂ ಅದನ್ನು ಮುಟ್ಟುವಂತಿಲ್ಲ, ಅದರ ಮೇಲೆ ಬಾಗುವಂತೆಯೂ ಇಲ್ಲ. ಜೊತೆಗೆ ಬಂದಿದ್ದ ನಮ್ಮ ಅವ್ವ ಗಂಗೂಬಾಯಿಗೆ ಅಲ್ಲಿಯ ಫಲಕವನ್ನು ಓದಿ ಹೇಳಿದ್ದೇ ನನ್ನ ತಪ್ಪಾಯಿತು. ‘ಗ್ರಾಮೀಣ ತೊಟ್ಟಿಲು, ಈಗ ಬಳಕೆಯಲ್ಲಿಲ್ಲ’ ಎಂದಿತ್ತು. ಮಕ್ಕಳನ್ನೆಲ್ಲ ಅದರಲ್ಲೇ ತೂಗಿದ ಅವ್ವ ತೊಟ್ಟಿಲಿನ ಸುತ್ತ ಕಟ್ಟಿದ್ದ ಹಗ್ಗದ ಈಚೆ ನಿಂತು ನೋಡಿದಳು. “ಬಳಕಿ ಯಾರ ನಿಲ್ಲಿಸ್ಯಾರ? ನೀವ ಒಯ್ದು ಇಟ್ಕೊಂಡೀರಿ, ನೀವ ಬಳಕ್ಯಾಗ ಇಲ್ಲ ಅಂತೀರಿ. ಅದರಾಗ ಮಲಗೂ ಕೂಸು ಮನ್ಯಾಗ ಅಳಾಕತ್ತೈತ್ರಿ” ಎಂದಳು.

ಅದೃಷ್ಟಕ್ಕೆ, ತಮ್ಮ ಬಾಗಿಲಲ್ಲೇ ಇನ್ನೊಂದು ಫಲಕವಿತ್ತು. ‘ರವಿವಾರ ಸಮುದಾಯ ಉತ್ಸವ: ಕುಟುಂಬ ಸಮೇತ ಬನ್ನಿ, ನಿಮ್ಮ ಸಂಪ್ರದಾಯಗಳನ್ನು ತನ್ನಿ.’ ಆ ಕರೆಗೆ ಓಗೊಟ್ಟು ಬೀಗರು, ಕೂಸು, ಬಾಣಂತಿ, ಬುಟ್ಟಿ ತುಂಬ ಗುಗ್ಗರಿ ಸಮೇತ ನಾವೆಲ್ಲ ಬರುವುದೆಂದು ನಿಶ್ಚಯಿಸಿದ್ದೇವೆ. ತಮ್ಮ ನಿಯಮವನ್ನು ಎಳ್ಳಷ್ಟೂ ಮುರಿಯುವುದಿಲ್ಲ. ತೊಟ್ಟಿಲನ್ನು ನಾವು ಮುಟ್ಟುವಂತಿಲ್ಲವಾದ್ದರಿಂದ, ಕೈಗವಸು ತೊಟ್ಟ ತಾವೇ ಕೂಸನ್ನು ಮಲಗಿಸಿ ತೂಗಬೇಕು. ಹೆಂಗಸರು ಹಗ್ಗದ ಈಚೆ ನಿಂತೇ ಜೋಗುಳ ಹಾಡುತ್ತಾರೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಮ್ಮ ಅಳಿಯನ ತಂಗಿ ಮಾಯಾ. ಅವಳೂ ಬಾಗುವಂತಿಲ್ಲವಲ್ಲ, ಹೀಗಾಗಿ ಅಂದಿನ ಮಟ್ಟಿಗೆ ತಾವೇ ಸೋದರತ್ತೆ. ಹೆಸರು ಹೇಳಿದವರ ಬೆನ್ನಿಗೆ ನೆರೆದ ಹೆಂಗಸರೆಲ್ಲ ಸೇರಿ ಗುದ್ದುವುದು ನಮ್ಮಲ್ಲಿಯ ಪದ್ಧತಿ. ನಮ್ಮವು ಕಬ್ಬು ಕಡಿದ ಕೈಗಳು. ತಮ್ಮ ಬೆನ್ನು ಪ್ರದರ್ಶನದ ವಸ್ತುವಲ್ಲವಾದ್ದರಿಂದ ಮುಟ್ಟಬಾರದೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಭಾವಿಸಿದ್ದೇವೆ. ಈ ಗೌರವವನ್ನು ತಮಗೆ ಬಿಟ್ಟುಕೊಡಲು ಮಾಯಾ ನಗುನಗುತ್ತಲೇ ಒಪ್ಪಿದ್ದಾಳೆ. ಅವ್ವನಂತೂ ತಾನೇ ಮೊದಲು ಎಂದು ಈಗಲೇ ಹೇಳಿಟ್ಟಿದ್ದಾಳೆ.

ಇಷ್ಟೆಲ್ಲ ತೊಂದರೆ ಏಕೆಂದು ತಮಗನ್ನಿಸಿದರೆ, ಶನಿವಾರ ಸಂಜೆಯೊಳಗೆ ತೊಟ್ಟಿಲನ್ನು ಮನೆಗೆ ಮುಟ್ಟಿಸಿದರೂ ನಡೆದೀತು. ಆಗ ಗುದ್ದು ಮಾಯಾಳಿಗೆ, ಗುಗ್ಗರಿ ತಮಗೆ.

ತಮ್ಮ ವಿಶ್ವಾಸಿ,
ಭಾವುಸಾಹೇಬ, ಅಲಖನೂರ

ತಾ.ಕ.: ಕಳಿಸುವುದಾದರೆ ‘ಮುಟ್ಟಬೇಡಿ, ಗದ್ದಲ ಮಾಡಬೇಡಿ’ ಎಂಬ ಫಲಕವನ್ನೂ ತೊಟ್ಟಿಲಿನ ಜೊತೆಗೇ ಕಳಿಸಿರಿ, ಕೂಸು ಮಲಗಿದ ಮೇಲೆ ನಮ್ಮ ಮನೆಯಲ್ಲಿ ಅದರ ಅಗತ್ಯ ಬಹಳ. ‘ಈಗ ಬಳಕೆಯಲ್ಲಿಲ್ಲ’ ಎಂಬುದನ್ನು ಮಾತ್ರ ತಾವೇ ಇಟ್ಟುಕೊಳ್ಳಿರಿ. ತೊಟ್ಟಿಲು ಬಾರದೆ ರವಿವಾರ ನಾವೇ ಬರುವಂತಾದರೆ, ಸೋಮವಾರ ಬೆಳಗ್ಗೆ ತಮ್ಮ ಬೆನ್ನಿಗೆ ಅಂಟಿಸಿಕೊಳ್ಳಲು ಬೇಕಾದೀತು.