ಎಂಟನೆಯ ಮೆಟ್ಟಿಲು

ಆ ಕಟ್ಟಡದ ಕೆಳಮಹಡಿ ರಾಷ್ಟ್ರ ಸರ್ಕಾರದ್ದು, ಮೇಲ್ಮಹಡಿ ರಾಜ್ಯ ಸರ್ಕಾರದ್ದು. ನಡುವಿನ ಮರದ ಮೆಟ್ಟಿಲುಗಳಲ್ಲಿ ಕೆಳಗಿನ ಏಳು ರಾಷ್ಟ್ರಕ್ಕೂ ಮೇಲಿನ ಏಳು ರಾಜ್ಯಕ್ಕೂ ಸೇರತಕ್ಕದ್ದೆಂದು ಒಪ್ಪಂದವಾಗಿದೆ. ಮೆಟ್ಟಿಲುಗಳು ಹದಿನೈದು ಎಂಬುದನ್ನು ಬಿಟ್ಟರೆ ಒಪ್ಪಂದದಲ್ಲಿ ಯಾವ ದೋಷವೂ ಇಲ್ಲ.

ದೋಷ ಕಂಡುಹಿಡಿದ ಕೀರ್ತಿ ಅಜ್ಜಿಯದು. ಅವರು ಆ ಕಾಲದ ಬಿ.ಎ., ಮೊದಲ ದರ್ಜೆ. ಹಾಲಿನವನು ತಡಮಾಡಿದ ದಿನಗಳಿಂದ ಹಿಡಿದು ಸೊಸೆ ಒಡೆದ ಲೋಟಗಳವರೆಗೆ ಎಲ್ಲವೂ ಅವರ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಇದೆ. ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಮನೆಯ ಯಜಮಾನಿಯಾಗಿ ಅಜ್ಜಿ ಹಾಕಿದ ಅರ್ಜಿಗೆ ಶುಕ್ರವಾರ ಐದರೊಳಗೆ ಕೆಳಗಿನ ಮುದ್ರೆ, ಮೇಲಿನ ಸಹಿ ಎರಡೂ ಬೀಳದಿದ್ದರೆ ಸೀಟು ಬೇರೆಯವರ ಪಾಲು. ಮಂಗಳವಾರವೇ ಮುದ್ರೆ ಬಿತ್ತು. ಮೇಲೆ ಹತ್ತಲು ಹೋದರೆ ನಡುವಿನ ಮೆಟ್ಟಿಲು ಮುರಿದು ಬಾಯಿ ಬಿಟ್ಟಿತ್ತು.

ಬಡಗಿ ಆಗಲೇ ಹಲಗೆ ಹೊತ್ತು ಬಂದಿದ್ದ. "ಏಳನೇದು ಅಂತ ಕೆಳಗಿನವರು ಚೀಟಿ ಕೊಟ್ಟಿದ್ದಾರೆ. ಹತ್ತು ನಿಮಿಷ ಕೂತಿರಿ ಅಮ್ಮಾ."

"ಏಳಲ್ಲಪ್ಪ, ಎಂಟು. ನಾನು ಎಣಿಸಿದೀನಿ."

"ಎಂಟಾದ್ರೇನು, ಮುರಿದಿರೋದು ಇದೊಂದೇ ಅಲ್ವಾ?"

"ಲೆಕ್ಕ ಅಂದ್ರೆ ಲೆಕ್ಕ."

"ಅಜ್ಜೀ, ಸುಮ್ನಿರಿ," ಎಂದು ಮೊಮ್ಮಗಳು ಕೈ ಜಗ್ಗುವಷ್ಟರಲ್ಲಿ ಗುಮಾಸ್ತರ ಕಿವಿಗೆ ಬಿದ್ದಿತ್ತು. ಕೆಳಗಿನ ಗುಮಾಸ್ತರು ಕೆಳಗಿನಿಂದ ಎಣಿಸಿದರು: ಎಂಟು. ತಮ್ಮದಲ್ಲ. ಮೇಲಿನವರು ಮೇಲಿನಿಂದ ಎಣಿಸಿದರು: ಎಂಟು. ತಮ್ಮದೂ ಅಲ್ಲ. ಬಡಗಿ ಹಲಗೆ ಹೊತ್ತು ವಾಪಸು ಹೋದ.

ಬುಧವಾರ ರಾಷ್ಟ್ರದಿಂದ ಸ್ಪಷ್ಟೀಕರಣ ಬಂತು: ಒಪ್ಪಂದದ ಪಟ್ಟಿಯಲ್ಲಿಲ್ಲದ್ದೆಲ್ಲ ರಾಷ್ಟ್ರದ್ದಾದ ಕಾರಣ ಮೆಟ್ಟಿಲಿನ ಅಧಿಕಾರ ರಾಷ್ಟ್ರದ್ದು, ದುರಸ್ತಿ ರಾಜ್ಯದ್ದು. ರಾಷ್ಟ್ರದ ಮೆಟ್ಟಿಲಿಗೆ ಮೊಳೆ ಹೊಡೆಯುವುದು ಅತಿಕ್ರಮಣವೆಂದು ರಾಜ್ಯ ವಿನಯದಿಂದ ಉತ್ತರಿಸಿತು. ಗುರುವಾರ ಎರಡು ಫಲಕ ಬಂದವು. "ರಾಷ್ಟ್ರದ ಆಸ್ತಿ. ತುಳಿಯಬಾರದು." "ರಾಜ್ಯದ ಸುರಕ್ಷತಾ ನಿಯಮ: ಮೆಟ್ಟಿಲು ಹಾರಬಾರದು." ಅವಕ್ಕೆ ಮೊಳೆ ಹೊಡೆದವನು ಅದೇ ಬಡಗಿ.

ಶುಕ್ರವಾರ ನಾಲ್ಕೂಮುಕ್ಕಾಲಿಗೆ ಅಜ್ಜಿ ಏಳನೆಯ ಮೆಟ್ಟಿಲ ಮೇಲೆ, ಮೇಲಿನ ಅಧಿಕಾರಿ ಒಂಬತ್ತನೆಯದರ ಮೇಲೆ ನಿಂತಿದ್ದರು.

"ಇತ್ತ ಕೊಡಿ ಅಮ್ಮಾ, ಇಲ್ಲೇ ಸಹಿ ಹಾಕ್ತೀನಿ."

"ಸಾರ್, ಎಂಟರ ಮೇಲಿನ ಗಾಳಿ ನಮ್ದು," ಕೆಳಗಿನ ಗುಮಾಸ್ತರು ಕೂಗಿದರು. "ಕಾಗದ ದಾಟೋಕೆ ಪರವಾನಗಿ ಬೇಕು."

"ಅದೆಲ್ಲಿ ಕೊಡ್ತಾರೆ?" ಅಜ್ಜಿ ಕೇಳಿದರು.

"ಮೇಲೆ."

ಮೊಮ್ಮಗಳ ಕಣ್ಣು ತುಂಬಿತು. ಅಜ್ಜಿ ಗಡಿಯಾರ ನೋಡಿದರು. ನೋಟ್‌ಬುಕ್ ತೆರೆದು, ಜೀವಮಾನದಲ್ಲಿ ಮೊದಲ ಬಾರಿಗೆ, ಸರಿಯಾಗಿದ್ದ ಲೆಕ್ಕವೊಂದನ್ನು ಹೊಡೆದು ಹಾಕಿದರು.

"ವಯಸ್ಸಾಯ್ತು ನೋಡಿ, ತಪ್ಪೆಣಿಸಿದ್ದೆ. ಮೆಟ್ಟಿಲು ಹದಿನಾಲ್ಕೇ. ಮಧ್ಯದ್ದು ಇಲ್ವೇ ಇಲ್ಲ."

ಇಬ್ಬರು ಗುಮಾಸ್ತರೂ ನೋಟ್‌ಬುಕ್ ಪರಿಶೀಲಿಸಿ ನಿಟ್ಟುಸಿರು ಬಿಟ್ಟರು. ಇಲ್ಲದ ಮೆಟ್ಟಿಲಿಗೆ ಗಾಳಿ ಎಲ್ಲಿಯದು? ಕಾಗದ ದಾಟಿತು. ಸಹಿ ಬಿತ್ತು.

ಅಜ್ಜಿಯ ಪುಟವನ್ನೇ ಆಧಾರವಾಗಿಟ್ಟು ಹದಿನಾಲ್ಕು ಮೆಟ್ಟಿಲುಗಳ ಜಂಟಿ ಅಧಿಸೂಚನೆ ಹೊರಬಿತ್ತು. ಮರುವಾರ ಮೇಲಿನ ಅಧಿಕಾರಿಯ ಕಾಲು ಆ ಸಂದಿಯಲ್ಲಿ ಮೊಣಕಾಲವರೆಗೆ ಇಳಿಯಿತು. ಸ್ಥಳವೇ ಇಲ್ಲದ್ದರಿಂದ ಅಪಘಾತ ದಾಖಲಾಗಲಿಲ್ಲ. ಈಗ ಎಲ್ಲರೂ ಅಲ್ಲಿಗೆ ಬಂದಾಗ ಮಾತು ನಿಲ್ಲಿಸದೆ ಕಾಲು ತುಸು ಎತ್ತಿಡುತ್ತಾರೆ. ಅಜ್ಜಿಯೂ ಅಷ್ಟೇ. ಎಣಿಸುವುದಿಲ್ಲ.